ಬಾವಿ ತೋಟಕ್ಕೆ ಗುಡ್ಡದ ಕರೆ

ಪೊಲೀಸ್ ಇಲಾಖೆಯ ವಯರ್‌ಲೆಸ್ ವಿಭಾಗದಿಂದ ನಿವೃತ್ತಳಾಗಿ ಊರಿಗೆ ಬಂದಾಗ, ಇನ್ನು ನನ್ನ ಕಿವಿಗೆ ವಿಶ್ರಾಂತಿ ಎಂದುಕೊಂಡಿದ್ದೆ. ಸರ್ವೀಸು ಪೂರ್ತಿ ಕಂಟ್ರೋಲ್ ರೂಮಿನಲ್ಲಿ ಕೂತು ಬೇರೆಯವರ ಮಾತನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಾಟಿಸಿದವಳು ನಾನು. ನಮ್ಮೂರು ಬೋರನಕಣಿವೆಗೆ ಹತ್ತಿರ. ಊರಿಗೂ ತೆಂಗಿನ ತೋಟಗಳಿಗೂ ನಡುವೆ ಒಂದು ಕುರುಚಲು ಗುಡ್ಡ ಅಡ್ಡ ಕೂತಿದೆ. ಗುಡ್ಡದ ಈಚೆ ಮೊಬೈಲ್ ಸಿಗ್ನಲ್ ಚೆನ್ನಾಗಿಯೇ ಬರುತ್ತದೆ. ಆಚೆ ತೋಟಕ್ಕೆ ಇಳಿದರೆ ಫೋನು ಗಂಟೆ ನೋಡಿಕೊಳ್ಳುವುದಕ್ಕೆ ಮಾತ್ರ.

ನಾನು ಬಂದ ಮಳೆಗಾಲದಲ್ಲೇ ನಮ್ಮ ಮಹಿಳಾ ಹಾಲಿನ ಡೈರಿಯ ಕಾರ್ಯದರ್ಶಿ ತೋಟಕ್ಕೆ ಹುಲ್ಲು ಕೊಯ್ಯಲು ಹೋಗಿ, ಕಾಲುವೆಯಲ್ಲಿ ಜಾರಿ ಕಾಲು ಮುರಿದುಕೊಂಡಳು. ಬಿದ್ದದ್ದು ಬೆಳಿಗ್ಗೆ. ಊರಿಗೆ ಗೊತ್ತಾದದ್ದು ಸಂಜೆ, ಹಾಲು ಹಾಕುವ ಹೊತ್ತಾದರೂ ಡೈರಿಯ ಬಾಗಿಲು ತೆರೆಯದಿದ್ದಾಗ. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವಳನ್ನು ನೋಡಲು ಹೋದರೆ, ಅವಳು ಕಾಫಿ ಕೊಡಿಸುವ ಮೊದಲೇ ಕೇಳಿದಳು.

“ಅಕ್ಕ, ನೀವು ವಾಕಿಟಾಕಿ ಜೊತೆ ಜೀವ್ನ ಮಾಡಿದೋರು. ನಮ್ಗೂ ಅಂಥವು ತರ್ಸಿ, ಮಾತಾಡೋದು ಕಲಿಸ್ರೀ. ಆವತ್ತು ನಾನು ಕೂಗಿದ್ದು ತೆಂಗಿನ ಮರಗಳ್ಗೆ ಮಾತ್ರ ಕೇಳ್ಸಿದ್ದು.”

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಲೈಸೆನ್ಸ್ ಬೇಡದ, ಕಡಿಮೆ ಶಕ್ತಿಯ ಸಣ್ಣ ಸೆಟ್ಟುಗಳು ಈಗ ಸಿಗುತ್ತವೆ. ಡೈರಿಯ ಹೆಂಗಸರೇ ಸೇರಿ ನಾಲ್ಕು ತರಿಸಿದರು. ಕಾರ್ಯದರ್ಶಿಯ ಕಾಲು ಕೂಡಿಕೊಂಡ ಮೇಲೆ, ಒಂದು ಬೆಳಿಗ್ಗೆ ಹಾಲಿನ ಗಾಡಿ ಹೋದ ನಂತರ, ಡೈರಿಯ ಜಗಲಿಯಲ್ಲಿ ಮೊದಲ ಪಾಠ ಶುರುವಾಯಿತು.

ಕಲಿಯಲು ಬಂದ ಏಳೆಂಟು ಜನರಲ್ಲಿ ಇಬ್ಬರ ವಿಷಯದಲ್ಲಿ ನನಗೆ ಆಸೆಯೇ ಇರಲಿಲ್ಲ. ಒಬ್ಬಳು ಗುಡ್ಡದ ಮೇಲೆ ಮೇಕೆ ಮೇಯಿಸುವ ಅಜ್ಜಿ. ಎಪ್ಪತ್ತು ದಾಟಿತ್ತು, ಅಕ್ಷರ ಬರದು, ಆದರೆ ಗಂಟಲು ಮಾತ್ರ ಗುಡ್ಡದ ಎರಡೂ ಬದಿಗೆ ಕೇಳುವಂಥದ್ದು. ಇನ್ನೊಬ್ಬಳು ಅಮ್ಮಸಂದ್ರದ ಕಡೆಯಿಂದ ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದ ಸೊಸೆ. ಅವಳ ಮಾವನಿಗೆ ಕಿವಿ ಸ್ವಲ್ಪವೂ ಕೇಳದು. ಆ ಮನೆಯಲ್ಲಿ ಎಲ್ಲ ಮಾತೂ ಕೈಸನ್ನೆಯಲ್ಲೇ ನಡೆಯುತ್ತಿತ್ತು. ಮೊದಲೇ ನಾಚಿಕೆಯ ಹುಡುಗಿ, ಅಲ್ಲಿಗೆ ಬಂದ ಮೇಲೆ ಧ್ವನಿಯನ್ನೇ ಮರೆತವಳಂತಾಗಿದ್ದಳು.

“ಬೆರಳು ಒತ್ತಿದ್ರೆ ಬಾಯಿ, ಬಿಟ್ರೆ ಕಿವಿ” ಎಂದು ನಾನು ಪಾಠ ಆರಂಭಿಸಿದೆ. ಗುಂಡಿ ಒತ್ತಿ ಒಂದು ಉಸಿರು ತಡೆಯಬೇಕು, ಇಲ್ಲವಾದರೆ ಮೊದಲ ಪದ ನುಂಗಿಹೋಗುತ್ತದೆ. ಸೆಟ್ಟು ಬಾಯಿಂದ ನಾಲ್ಕು ಬೆರಳು ದೂರ ಇರಬೇಕು. ಬೇರೆಯವರು ಮಾತಾಡುತ್ತಿದ್ದಾರೋ ಎಂದು ಮೊದಲು ಕೇಳಬೇಕು. ಮೊದಲು ಯಾರನ್ನು ಕರೆಯುತ್ತೇವೋ ಅವರ ಹೆಸರು, ಆಮೇಲೆ ನಮ್ಮ ಹೆಸರು.

ಹೆಸರಿನ ಹತ್ತಿರವೇ ಪಾಠ ನಿಂತಿತು. ಅತ್ತೆಯ ಹೆಸರನ್ನು ಸೊಸೆ ಹೇಗೆ ಕೂಗುವುದು? ದೊಡ್ಡವರನ್ನು ಚಿಕ್ಕವರು ಹೇಗೆ ಹೆಸರು ಹಿಡಿದು ಕರೆಯುವುದು? ಕಡೆಗೆ ಕಾರ್ಯದರ್ಶಿಯೇ ದಾರಿ ತೋರಿಸಿದಳು: ಮನುಷ್ಯರ ಹೆಸರೇ ಬೇಡ, ಜಾಗದ ಹೆಸರಿರಲಿ. ಅವಳು ‘ಡೈರಿ’, ಅಜ್ಜಿ ‘ಗುಡ್ಡ’, ಮನೆಯವರ ಬಾವಿಯಿರುವ ತೋಟದಲ್ಲಿ ದುಡಿಯುವ ಸೊಸೆ ‘ಬಾವಿ ತೋಟ’. ನಾಲ್ಕನೆಯ ಸೆಟ್ಟು ಹಿಡಿದವರು ‘ರಸ್ತೆ’. ‘ಓವರ್’ ಅನ್ನುವುದೂ ಯಾರ ಬಾಯಿಗೂ ಹೊಂದಲಿಲ್ಲ. ತನ್ನ ಮಾತು ಮುಗಿದ ಮೇಲೆ ‘ಹೇಳು’ ಅನ್ನುವುದೆಂದು ಅವರೇ ಮಾಡಿಕೊಂಡರು. ನನ್ನ ಇಲಾಖೆಯ ಪದಕ್ಕಿಂತ ಅದೇ ಒಳ್ಳೆಯದೆಂದು ನನಗೂ ಅನಿಸಿತು.

ಅಜ್ಜಿ ಸೆಟ್ಟು ಹಿಡಿದು ಮೇಕೆ ಕರೆಯುವ ಹಾಗೆ ಕೂಗಿದಳು. ಎದುರಿನ ಸೆಟ್ಟಿನಲ್ಲಿ ಗರಗರ ಬಿಟ್ಟು ಬೇರೇನೂ ಕೇಳಲಿಲ್ಲ.

“ಅಜ್ಜಿ, ಮೆಲ್ಲಗೆ ಮಾತಾಡಬೇಕು.”

“ಮೆಲ್ಲಗೆ ಅಂದ್ರೆ ಆಚೆ ಊರ್ಗೆ ಹೋಯ್ತದೇನವ್ವ?”

“ದೂರ ಹೋಗೋದು ಸೆಟ್ಟಿನ ಕೆಲಸ. ನೀವು ಮೊಮ್ಮಗಳ ಕಿವೀಲಿ ಹೇಳೋ ಹಂಗೆ ಹೇಳಿ ಸಾಕು.”

ಎರಡನೆಯ ವಾರ ಸೆಟ್ಟುಗಳನ್ನು ಜಾಗದ ಮೇಲೆ ಪರೀಕ್ಷಿಸಿದೆವು. ಬಾವಿ ತೋಟದಿಂದ ಕರೆದದ್ದು ಡೈರಿಗೆ ಕೇಳಲಿಲ್ಲ. ಅಷ್ಟು ಸಣ್ಣ ಸೆಟ್ಟಿನ ಮಾತು ಗುಡ್ಡ ತೂರಿ ಬರುವುದಿಲ್ಲ. ಗುಡ್ಡದ ನೆತ್ತಿಯ ಮೇಲೆ ನಿಂತವರಿಗೆ ಮಾತ್ರ ಎರಡೂ ಕಡೆ ಕೇಳುತ್ತಿತ್ತು. ದಿನವೂ ಆ ನೆತ್ತಿಯ ಮೇಲೆ ಇರುವವರು ಊರಿನಲ್ಲಿ ಒಬ್ಬರೇ. ಯಾರನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆನೋ ಅವಳಿಗೇ ನಾನು ಎಲ್ಲರಿಗಿಂತ ಕಷ್ಟದ ಕೆಲಸ ಕಲಿಸಬೇಕಾಯಿತು. ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆಗೆ ಹಾಗೆಯೇ ಹೇಳುವುದು. ಸೇರಿಸಬಾರದು, ಕಳೆಯಬಾರದು.

“ಮಾವಂಗೆ ಊಟ ಕಳ್ಸಿ” ಎಂದು ಸೊಸೆ ಹೇಳಿದರೆ, ಅಜ್ಜಿ ನಮಗೆ, “ಮುದ್ಕ ಹಸ್ಕೊಂಡು ಸಿಟ್ಟಾಗವ್ನೆ, ಬಿರ್ರನೆ ಊಟ ಕಳ್ಸಿ” ಎನ್ನುವಳು. ನಾನು ಗದರಿದರೆ, “ಸಿಟ್ಟಾಗಿರೋದು ನನ್ಗೆ ಮ್ಯಾಲಿಂದ ಕಾಣ್ತಾ ಐತಲ್ಲವ್ವ!” ಅನ್ನುವಳು. ತಿಂಗಳ ಹೊತ್ತಿಗೆ ಆ ಚಾಳಿ ಬಿಟ್ಟಿತು.

ಸೊಸೆಯದು ಬೇರೆ ತೊಂದರೆ. ಗುಂಡಿ ಒತ್ತಿದರೂ ಉಸಿರಷ್ಟೇ ಬರುತ್ತಿತ್ತು. ನಾನು ಬೇಸರ ಪಟ್ಟರೂ ಅಜ್ಜಿ ಪಡಲಿಲ್ಲ. “ಬಾವಿ ತೋಟ, ನಿನ್ ಮಾತು ಇರುವೆ ನಡ್ದಂಗೈತೆ. ಇನ್ನೊಂದ್ಸಲ ಅನ್ನವ್ವ. ಹೇಳು” ಎಂದು ದಿನವೂ ಅನ್ನಿಸುತ್ತಿದ್ದಳು. ಒಂದು ಮಧ್ಯಾಹ್ನ ಅಜ್ಜಿ ಗುಡ್ಡದ ಮೇಲಿಂದ ಡೈರಿಗೆ ಖುಷಿಯಿಂದ ಕರೆದಳು. ತನ್ನ ಕರಿ ಮೇಕೆ ಬಾವಿ ತೋಟಕ್ಕೆ ನುಗ್ಗಿ ಬಾಳೆ ತಿಂದಿತಂತೆ. ಸೊಸೆ ಸೆಟ್ಟಿನಲ್ಲಿ ಚೆನ್ನಾಗಿ ಬೈದಳಂತೆ.

“ಒಂದು ಅಕ್ಷರ ತಪ್ಪಿಲ್ಲ ಕಣ್ರೀ, ಗಂಟೆ ಹೊಡ್ದಂಗಿತ್ತು! ಹುಡ್ಗೀಗೆ ಬಾಯ್ ಬಂತು. ಹೇಳು.”

ಬೈಸಿಕೊಂಡವಳೇ ಇಷ್ಟು ಸಂತೋಷ ಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ, ಹೊತ್ತು ಹನ್ನೊಂದರ ಮೇಲಾಗಿತ್ತು. ನಾನು ಡೈರಿಯಲ್ಲಿ ಕಾರ್ಯದರ್ಶಿಯ ಜೊತೆ ಕೂತಿದ್ದೆ. ನಾಲ್ಕನೆಯ ಸೆಟ್ಟು ನನ್ನ ಮಡಿಲಲ್ಲಿತ್ತು. ಅಜ್ಜಿಯ ಧ್ವನಿ ಬಂತು, ಎಷ್ಟು ಮೆಲ್ಲಗೆ ಎಂದರೆ ಊಟದ ವಿಷಯವೇ ಇರಬೇಕು ಅಂದುಕೊಂಡೆ.

“ಡೈರಿ, ಡೈರಿ, ಗುಡ್ಡ ಕರೀತಾ ಐತೆ. ತೋಟದ ಕಡೆ ಗುಡ್ಡದ ಬುಡಕ್ಕೆ ಬೆಂಕಿ ಬಿದ್ದೈತೆ. ಗಾಳಿ ಜೋರೈತೆ. ಬಾವಿ ತೋಟದ ಮ್ಯಾಲ್ಗಡೆ ಬೇಲಿಗೆ ಬತ್ತಾ ಐತೆ. ಹೇಳು.”

ಯಾರೋ ಬದುವಿನ ಕಸಕ್ಕೆ ಹಚ್ಚಿದ ಬೆಂಕಿ ಕೈಮೀರಿತ್ತು. ಒಣ ಗರಿಗಳು ಬಿದ್ದಿರುವ ತೋಟಕ್ಕೆ ಬೆಂಕಿ ಇಳಿದರೆ ಮರದಿಂದ ಮರಕ್ಕೆ ಹೋಗುತ್ತದೆ. ನಾನು ಗಡಬಡಿಸಿ ಎದ್ದೆ. ಕಾರ್ಯದರ್ಶಿ ಮಾತ್ರ ಕೇಳಿದ್ದನ್ನು ಒಮ್ಮೆ ತಿರುಗಿ ಹೇಳಿ ಖಚಿತ ಮಾಡಿಕೊಂಡು, ಮೊಬೈಲಿನಲ್ಲಿ ಚಿಕ್ಕನಾಯಕನಹಳ್ಳಿಯ ಅಗ್ನಿಶಾಮಕ ಠಾಣೆಗೆ ಫೋನು ಮಾಡಿದಳು. ಆಮೇಲೆ ಲೈನ್‌ಮ್ಯಾನ್‌ಗೆ ಫೋನು ಮಾಡಿ, ತೋಟಗಳ ಮೋಟಾರು ಓಡಲು ತ್ರೀ ಫೇಸ್ ಕರೆಂಟು ಕೊಡಿಸಿ ಎಂದಳು. ಊರಿನ ಗಂಡಸರು ಹಸಿ ಸೊಪ್ಪಿನ ಕೊಂಬೆ ಹಿಡಿದು ಗುಡ್ಡ ಸುತ್ತಿ ಓಡಿದರು. ನಾನು ಸೆಟ್ಟು ಹಿಡಿದು ಸ್ಕೂಟರಿನಲ್ಲಿ ಹುಳಿಯಾರು ರಸ್ತೆಯ ಕವಲಿಗೆ ಹೋಗಿ ನಿಂತೆ, ಬರುವ ಗಾಡಿಗೆ ದಾರಿ ತೋರಿಸಬೇಕಲ್ಲ.

ಆ ಕವಲಿನಲ್ಲಿ ನನಗೆ ಗುಡ್ಡದ ಮಾತು ಕೇಳುತ್ತಿತ್ತು, ಬಾವಿ ತೋಟದ್ದು ಕೇಳುತ್ತಿರಲಿಲ್ಲ. ಅರ್ಧ ಮಾತು ಮಾತ್ರ ಕೇಳುತ್ತಾ ನಿಂತ ಆ ಹೊತ್ತು ನನ್ನ ಇಡೀ ಸರ್ವೀಸಿಗಿಂತ ಉದ್ದವಾಗಿತ್ತು.

“ಬಾವಿ ತೋಟ, ಗುಡ್ಡ ಕರೀತಾ ಐತೆ. ನಿಮ್ಮಾವ ಎಮ್ಮೆ ಬಿಚ್ಕೊಂಡು ಬಂಡಿದಾರಿ ಕಡೆ ಹೊಂಟವ್ನೆ. ಮುಂದೆ ಬೇಲಿ ಹತ್ಕೊಂಡೈತೆ, ಹೊಗೇಲಿ ಅವ್ನಿಗೆ ಕಾಣಾಕಿಲ್ಲ. ಹೇಳು.”

ಆಚೆಯಿಂದ ಹುಡುಗಿ ಏನೋ ಹೇಳುತ್ತಿದ್ದಿರಬೇಕು. ಕಿವುಡ ಮನುಷ್ಯನನ್ನು ಎಷ್ಟು ಕೂಗಿದರೂ ಪ್ರಯೋಜನವಿಲ್ಲ, ಎದುರಿಗೇ ಹೋಗಬೇಕು. ಎದುರಿಗೆ ಹೋಗಬೇಕೆಂದರೆ ಯಾವ ದಾರಿಯಲ್ಲಿ ಬೆಂಕಿಯಿಲ್ಲ ಎಂದು ಗೊತ್ತಿರಬೇಕು. ಅದು ಕಾಣುತ್ತಿದ್ದದ್ದು ಅಜ್ಜಿಯೊಬ್ಬಳಿಗೇ.

“ಮ್ಯಾಲಕ್ಕೆ ಹತ್ತಬ್ಯಾಡ. ಬಾಳೆ ಸಾಲು ಹಿಡ್ಕೊಂಡು ಓಡು. ಅಲ್ಲಿ ಬೆಂಕಿ ಇಲ್ಲ. ಹೇಳು.”

ಮತ್ತೆ ನನಗೆ ಕೇಳದ ಉತ್ತರ.

“ಇನ್ನೂ ಮುಂದೆ ಹೋಗು, ಮಗ. ಹಾಂ, ಈಗ ಬಲಕ್ಕೆ ತಿರುಗು. ನಾಲ್ಕು ಮರದ ಆಚೆ ಅವ್ನೆ. ಹೇಳು.”

ಆಗ ನಾನು ತಾಳಲಾರದೆ ಗುಂಡಿ ಒತ್ತಿದೆ. ಬೆಂಕಿ ಮೇಲಕ್ಕೂ ಏರುತ್ತದೆಂದು ನನಗೆ ಅಷ್ಟರಲ್ಲಿ ಹೊಳೆದಿತ್ತು. “ಗುಡ್ಡ, ರಸ್ತೆ ಕರೀತಾ ಇದೆ. ಅಜ್ಜಿ, ನೀವು ಹುಷಾರಾಗಿದ್ದೀರಾ? ಹೇಳಿ.”

“ಮೇಕೆ ಊರ ಕಡೆ ಅಟ್ಟಿದೀನಿ. ನಾನು ಹಾಸುಬಂಡೆ ಮ್ಯಾಲಿದೀನಿ, ಬಂಡೆ ಸುಡಾಕಿಲ್ಲ. ನೀನು ಸುಮ್ಕಿರವ್ವ, ಹುಡ್ಗಿ ಮಾತು ಕೇಳ್ಬೇಕು. ದಾರಿ ಬುಡು.”

ಪಾಠ ಹೇಳಿಕೊಟ್ಟವಳಿಗೆ ಪಾಠ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಬೆರಳು ತೆಗೆದು ನಿಂತೆ.

ಎಷ್ಟು ಹೊತ್ತಾಯಿತೋ. ಸೆಟ್ಟು ಗರಗರ ಅಂದಿತು.

“ಡೈರಿ, ರಸ್ತೆ, ಎಲ್ರೂ ಕೇಳ್ರಿ. ಬಾವಿ ತೋಟ ಹೇಳ್ತಾ ಐತೆ: ಮಾವ ಸಿಕ್ಕಿದ್ರು. ಕೈ ಹಿಡ್ಕೊಂಡಿದೀನಿ. ಎಮ್ಮೇನೂ ಐತೆ. ಬಾವಿ ಹತ್ರ ಬತ್ತಾ ಇದೀವಿ.” ಸೇರಿಸಲಿಲ್ಲ, ಕಳೆಯಲಿಲ್ಲ. ಒಂದು ಕ್ಷಣ ಬಿಟ್ಟು, “ಹೇಳು” ಎಂದಳು.

ಡೈರಿಯಿಂದ ಮಾತಿನ ಬದಲು ಹೆಂಗಸರ ಕೇಕೆ ಕೇಳಿಸಿತು.

ಅಷ್ಟರಲ್ಲಿ ಬೆಂಕಿ ಆರಿಸುವ ಗಾಡಿ ಕವಲಿಗೆ ಬಂತು. ಯಾವ ದಾರಿ ಎಂದು ಅಜ್ಜಿಯನ್ನು ಕೇಳಿದೆ. ಮೊದಲನೆಯ ದಾರಿ ಕಿರಿದು, ಎರಡನೆಯದರಲ್ಲಿ ತಿರುಗಿಸಿ ಎಂದಳು. ಚಾಲಕ ನನ್ನ ಕೈಯಲ್ಲಿದ್ದ ಸೆಟ್ಟು ನೋಡಿ, “ಯಾವ ಸ್ಟೇಷನ್ ಮೇಡಂ?” ಎಂದ. “ಹಾಲಿನ ಡೈರಿ” ಎಂದೆ. ಅವನು ನಕ್ಕು ಗಾಡಿ ತಿರುಗಿಸಿದ. ಕರೆಂಟೂ ಬಂತು. ಹುಡುಗಿ ತಾನೇ ಮೋಟಾರು ಹಾಕಿ, ಪೈಪು ಹಿಡಿದು, ಗಂಡಸರ ಸಮಕ್ಕೆ ನಿಂತು ಮೇಲ್ಗಡೆ ಬೇಲಿಗೆ ನೀರು ಹೊಡೆದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊಗೆ ಮಾತ್ರ ಉಳಿದಿತ್ತು. ಬೇಲಿಯ ಪಕ್ಕದ ಒಂದು ಸಾಲು ಮರಗಳ ಕೆಳಗರಿ ಸುಟ್ಟಿತು, ಎಮ್ಮೆಯ ಬಾಲದ ಕೂದಲು ಕಮರಿತು. ಅಷ್ಟೇ.

ಮಾರನೆಯ ದಿನ ಸೊಸೆಯ ಮಾವ ಒಂದು ಗೊನೆ ಎಳನೀರು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದರು. ಅಜ್ಜಿಯ ವರದಿ ಡೈರಿಗೆ ಬಂತು: “ಮುದ್ಕ ಎಳ್ನೀರು ತಂದು ಮುಂದಿಟ್ಟು, ಕೈ ಮುಗ್ದು ನಿಂತವ್ನೆ ಕಣ್ರೀ. ಕೊಚ್ಚಾಕೆ ಮಚ್ಚು ತಂದಿಲ್ಲ. ಏನ್ ಮಾಡ್ಲಿ, ಹೇಳು.”

ಸುದ್ದಿ ಸುತ್ತ ಹಬ್ಬಿ, ಕೆಂಕೆರೆಯ ಹೆಂಗಸರು ನಮಗೂ ಕಲಿಸಿ ಎಂದು ಹೇಳಿಕಳಿಸಿದರು. ಪಾಠಕ್ಕೆ ನಾನು ಹೋಗುವುದೆಂದು ಎಲ್ಲರೂ ಅಂದುಕೊಂಡಿದ್ದರು. ನಾನು ಅಜ್ಜಿ, ಸೊಸೆ ಇಬ್ಬರನ್ನೂ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅಂಗಳ ತುಂಬ ಗುರುತಿಲ್ಲದ ಹೆಂಗಸರು. ಸೊಸೆ ಎದ್ದು ನಿಂತು, ಸೆರಗು ಸಿಕ್ಕಿಸಿ, ಕಡೆಯ ಸಾಲಿಗೂ ಕೇಳುವ ಹಾಗೆ, “ಮೊದ್ಲು ಎಲ್ರೂ ಈ ಗುಂಡಿ ನೋಡ್ಕೊಳ್ರಿ” ಎಂದಳು. ಅಜ್ಜಿ ಒಬ್ಬೊಬ್ಬರ ಹತ್ತಿರ ಹೋಗಿ ಅವರ ಬೆರಳನ್ನು ತನ್ನ ಕೈಯಿಂದಲೇ ಗುಂಡಿಯ ಮೇಲೆ ಇಟ್ಟಳು. ಒಂದು ಗಂಟೆಯಾದ ಮೇಲೆ ಒಬ್ಬಾಕೆಗೆ ಸೆಟ್ಟು ಕೊಟ್ಟು ಕೆರೆ ಏರಿಯ ತುದಿಗೆ ಕಳಿಸಿದರು. ಆಮೇಲೆ ಸೊಸೆಯ ಕೈಯಲ್ಲಿದ್ದ ಸೆಟ್ಟಿನಿಂದ, ನಗು ತಡೆಯಲಾಗದ ಹೊಸ ಧ್ವನಿಯೊಂದು ಸ್ಪಷ್ಟವಾಗಿ ಬಂತು: “ಕೆಂಕೆರೆ ಏರಿ ಮಾತಾಡ್ತಾ ಐತೆ. ಕೇಳ್ತೈತಾ?” ಉತ್ತರ ಕೊಡಲು ಒಮ್ಮೆಗೇ ಇಪ್ಪತ್ತು ಕೈಗಳು ಮುಂದೆ ಬಂದವು.