ಎಲ್ಲರ ಎದುರು ಕೇಳಬಾರದ ಮಾತು

ಅರಕೆರೆಯಲ್ಲಿ ನಮ್ಮ ಬೀದಿಯ ಕೊನೆಯ ಮನೆ ಹೇಮಶ್ರೀಯದು. ಹುಟ್ಟಿದ್ದು ಕೆ.ಆರ್. ಪೇಟೆ ಕಡೆ, ಓದಿದ್ದು ಮಂಡ್ಯದಲ್ಲಿ. ಮಹಡಿಯ ಕೋಣೆಯಲ್ಲಿ ಕುಳಿತು ಅವಳು ಒಂಬತ್ತು ಜನರ ಸಾಫ್ಟ್‌ವೇರ್ ತಂಡವೊಂದನ್ನು ನಡೆಸುತ್ತಾಳೆ. ಅವರೆಲ್ಲ ನಾಲ್ಕು ದೇಶಗಳಲ್ಲಿ ಚದುರಿದವರು. ವಿಯೆಟ್ನಾಮಿನ ಲಿನ್ ಕೋಡ್ ಬರೆಯುವವಳು, ಇಪ್ಪತ್ತಾರು ವರ್ಷದವಳು. ಅವಳು ಬರೆದದ್ದನ್ನು ಪರೀಕ್ಷಿಸುವವನು ಪೋಲೆಂಡಿನ ಮಾರೆಕ್. ಅವನಿಗೆ ಐವತ್ತು ದಾಟಿದೆ, ಮುಖದ ತುಂಬ ಗಡ್ಡ.

ಆಸ್ಪತ್ರೆಯಲ್ಲಿ ರಕ್ತ ಇಡುವ ಫ್ರಿಜ್ಜು ಬಿಸಿಯಾದರೆ ಕೂಡಲೇ ನರ್ಸಿನ ಮೊಬೈಲಿಗೆ ಎಚ್ಚರಿಕೆ ಹೋಗಬೇಕು. ಅದಕ್ಕೊಂದು ಸಾಫ್ಟ್‌ವೇರನ್ನು ಅವರು ಮಾಡುತ್ತಿದ್ದರು. ಎರಡೆರಡು ವಾರಕ್ಕೆ ಇಷ್ಟಿಷ್ಟು ಮುಗಿಸಿ ತೋರಿಸುತ್ತ ಹೋಗುವ ಕ್ರಮ. ದಿನವೂ ಮಧ್ಯಾಹ್ನ ಎಲ್ಲರೂ ಪರದೆಯ ಮೇಲೆ ಸೇರಿ, ನಿನ್ನೆ ಏನಾಯಿತು, ಇಂದು ಏನು ಮಾಡುತ್ತೇನೆ, ಏನಾದರೂ ತೊಡಕಿದೆಯೇ ಎಂದು ಹೇಳಬೇಕು. ಲಿನ್ ಯಾವತ್ತೂ ತೊಡಕು ಹೇಳಿದವಳಲ್ಲ. ಮಾರೆಕ್ ಮಾತ್ರ ಇನ್ನೊಬ್ಬರ ತಪ್ಪನ್ನು ಎಲ್ಲರ ಎದುರೇ ಎತ್ತಿ ಆಡುತ್ತಿದ್ದ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಬೆಳೆದ ಹೇಮಶ್ರೀ ಅವನನ್ನು ಒಮ್ಮೆಯೂ ತಡೆದಿರಲಿಲ್ಲ. ಲಿನ್ ತಲೆ ತಗ್ಗಿಸಿ ಕೇಳಿಸಿಕೊಳ್ಳುವುದನ್ನು ಕಂಡು, ಎಂಥ ವಿನಯದ ಹುಡುಗಿ ಎಂದು ಮೆಚ್ಚಿಕೊಂಡಿದ್ದಳು.

ಕಳೆದ ಶ್ರಾವಣದ ಒಂದು ಗುರುವಾರ. ಸಂಜೆ ನಾಲ್ಕಕ್ಕೆ ಜರ್ಮನಿಯ ಗ್ರಾಹಕರಿಗೆ ‘ಸಿದ್ಧ’ ಎಂದು ಹೇಳಬೇಕು. ಹೇಳಿದ ಕೂಡಲೇ ಹನ್ನೊಂದು ಆಸ್ಪತ್ರೆಗಳಲ್ಲಿ ಅದು ಶುರುವಾಗುತ್ತದೆ. ಈಗಾಗಲೇ ಎರಡು ಸಲ ದಿನ ಮುಂದೆ ಹೋಗಿತ್ತು. ಮೂರನೆಯ ಸಲವೂ ಹೋದರೆ ಕೆಲಸ ಬೇರೆ ತಂಡಕ್ಕೆ ಎಂದು ಅವರು ಹೇಳಿಯಾಗಿತ್ತು.

ಎರಡೂವರೆಗೆ ದಿನದ ಸಭೆ ಮುಗಿಯಿತು. ಕಾಫಿ ತಂದ ಅತ್ತೆ ಜಯಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದರು.

“ಆ ಹುಡ್ಗಿ ಯಾಕೆ ಅಂಗೆ ಮುದುರ್ಕಂಡ್ಳು?”

“ಎಲ್ಲ ಸರಿ ಅದೆ ಅಂದ್ಳು ಕಣತ್ತೆ. ನಿಮ್ಗೆ ಇಂಗ್ಲಿಷು ಯಾವಾಗ್ ಬಂತು?”

“ಇಂಗ್ಲಿಷ್ ಯಾಕ್ ಬೇಕು, ಕಣ್ಣಿಲ್ವಾ ನಂಗೆ? ಆ ಗಡ್ಡದೋನು ಬಾಯ್ ತೆಗ್ದೇಟ್ಗೆ ಮಕ ಬಾಡೋಯ್ತು. ನಮ್ ಚಿಕ್ಕಬೋರಮ್ಮ ನಾಟಿಗೆ ಎಂಗಸ್ರ ಗುಂಪು ಕಟ್ಕಂಡ್ ಬತ್ತಾಳಲ್ಲ, ನಾಳಿಕೆ ಆಳು ಸಾಲಲ್ಲ ಅಂತ ಗೊತ್ತಿದ್ರೂವೆ ಗುಂಪಿನ್ ಎದ್ರು ಕೇಳಿದ್ರೆ ‘ಆಯ್ತದೆ ಕಣವ್ವ’ ಅಂತಾಳೆ. ಇಲ್ಲ ಅಂದ್ರೆ ಮರ್ವಾದಿ ಹೋಯ್ತದಲ್ಲ! ಕೊಟ್ಗೆ ತಾವ್ ಒಬ್ಳನ್ನೇ ಕರ್ದು, ಎಲೆ-ಅಡ್ಕೆ ಕೊಟ್ಟು ಕೇಳು, ಎಲ್ಲಾನೂ ಕಕ್ಕ್‌ಬುಡ್ತಾಳೆ.”

“ಇದೇನ್ ಗದ್ದೆ ನಾಟಿನಾ ಅತ್ತೆ?”

“ನಿನ್ನಿಷ್ಟ ಬುಡು. ಕಾಫಿ ಆರೋಯ್ತದೆ, ಕುಡಿ.”

ಹೇಮಶ್ರೀಗೆ ಕುಡಿಯಲಾಗಲಿಲ್ಲ. ಲಿನ್‌ಗೆ ಬೇರೆಯಾಗಿ ಕರೆ ಮಾಡಿದಳು. ತೊಡಕಿದೆಯೇ ಎಂದು ಕೇಳಲಿಲ್ಲ. “ಸೋಮವಾರ ಮಾರೆಕ್ ನಿನಗೆ ಹಾಗೆಂದಾಗ ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು. ಈಗ ನಾವಿಬ್ಬರೇ ಇದ್ದೇವೆ” ಎಂದಳು.

ಲಿನ್ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು. ಆಸ್ಪತ್ರೆಯ ಇಂಟರ್ನೆಟ್ಟು ಕಡಿದು ಮತ್ತೆ ಬಂದರೆ, ನಡುವೆ ಹೊರಟ ಎಚ್ಚರಿಕೆ ನರ್ಸನ್ನು ತಲುಪುವುದೇ ಇಲ್ಲ. ಮಂಗಳವಾರವೇ ಅದು ಅವಳಿಗೆ ಗೊತ್ತಾಗಿತ್ತು. ಹಿಂದಿನ ದಿನವಷ್ಟೇ ಮಾರೆಕ್, ಸಣ್ಣ ಮಗುವೂ ಇಷ್ಟು ಕೆಟ್ಟದಾಗಿ ಬರೆಯದು ಎಂದಿದ್ದ. ಯಾರಿಗೂ ಹೇಳದೆ ಒಬ್ಬಳೇ ಸರಿಮಾಡಲು ಹೋಗಿ ಸೋತಿದ್ದಳು.

ಗಂಟೆ ಮೂರೂ ಇಪ್ಪತ್ತು. ಹೇಳದೇ ಇದ್ದುಬಿಟ್ಟರೆ? ಇಂಟರ್ನೆಟ್ಟು ದಿನವೂ ಕಡಿಯುವುದಿಲ್ಲ. ಎರಡು ಮೂರು ದಿನದಲ್ಲಿ ಸದ್ದಿಲ್ಲದೆ ಸರಿಮಾಡಿಬಿಡಬಹುದು. ಹೇಳಿದರೆ ಒಂಬತ್ತು ಮನೆಯ ಅನ್ನ ಹೋಗುತ್ತದೆ. ಹೇಮಶ್ರೀ ಕೆಳಗಿಳಿದು ದೇವರ ಗೂಡಿನ ಮುಂದೆ ನಿಂತಳಂತೆ. ಬೇಡಿಕೊಳ್ಳಲು ಮಾತೇ ಹೊರಡಲಿಲ್ಲವಂತೆ. ಯಾವುದೋ ಊರಿನ ಬಾಣಂತಿ, ಅವಳ ಕೈಗೆ ಚುಚ್ಚಿದ ಸೂಜಿ, ಅದರಲ್ಲಿ ಇಳಿಯುತ್ತಿರುವ ಕೆಟ್ಟ ರಕ್ತ, ಇಷ್ಟೇ ಕಣ್ಣಿಗೆ ಕಟ್ಟಿತಂತೆ. ಇದನ್ನು ಆಮೇಲೆ ಅವಳೇ ನನಗೆ ಹೇಳಿದ್ದು.

ನಾಲ್ಕಕ್ಕೆ ಎಲ್ಲರೂ ಪರದೆಗೆ ಬಂದರು. ಗ್ರಾಹಕರ ಕಡೆಯ ಅಧಿಕಾರಿ ಉಟೆ ಎಂಬಾಕೆ ನೇರವಾಗಿ ಕೇಳಿದಳು: “ಸಿದ್ಧವೇ?”

“ಇಲ್ಲ” ಎಂದು ಹೇಮಶ್ರೀ ಕಾರಣ ವಿವರಿಸಿದಳು.

“ಯಾವಾಗಿನಿಂದ ಗೊತ್ತು?”

“ತಂಡದಲ್ಲಿ ಒಬ್ಬರಿಗೆ ಮಂಗಳವಾರದಿಂದ. ನನಗೆ ಗೊತ್ತಾಗಿ ಒಂದು ಗಂಟೆಯಾಯಿತು.”

“ಮುಚ್ಚಿಟ್ಟವರು ಯಾರು?”



“ಬಾಯಿಬಿಟ್ಟು ಹೇಳಲಾಗದಂಥ ಸಭೆ ನಡೆಸಿದವಳು ನಾನು. ಹೆಸರು ಬೇಕಿದ್ದರೆ ನನ್ನದನ್ನೇ ಬರೆದುಕೊಳ್ಳಿ.”

ಆಗ ಮಾರೆಕ್‌ನ ಮೈಕು ತೆರೆದುಕೊಂಡಿತು. ಇನ್ನೇನು ಅನ್ನುತ್ತಾನೋ ಎಂದು ಹೇಮಶ್ರೀ ಅಂಜಿದಳು.

“ಪರೀಕ್ಷಿಸಿ ಒಪ್ಪಿಗೆ ಕೊಟ್ಟವನು ನಾನು. ಇಂಟರ್ನೆಟ್ಟಿನ ತಂತಿಯನ್ನು ಒಂದು ಸಲವೂ ಕಿತ್ತು ನೋಡಲಿಲ್ಲ. ನನ್ನ ಹೆಸರನ್ನೂ ಬರೆದುಕೊಳ್ಳಿ” ಎಂದ.

ಉಟೆ ಪರದೆಯಿಂದ ಮರೆಯಾದಳು. ಆರು ನಿಮಿಷದ ಮೇಲೆ ಮರಳಿ ಬಂದು, “ಸೋಮವಾರ, ಇದೇ ಹೊತ್ತಿಗೆ. ನನ್ನ ಎದುರು ತಂತಿ ಕಿತ್ತು ತೋರಿಸಬೇಕು. ತಂಡ ಇರಬೇಕೋ ಬೇಡವೋ ಆಮೇಲೆ” ಎಂದಳು.

ಶನಿವಾರ, ಭಾನುವಾರ ಲಿನ್ ಮತ್ತು ಮಾರೆಕ್ ಇಬ್ಬರೇ ಕೂತು ಬರೆದರು. ಹೇಮಶ್ರೀ ಜೊತೆಗಿದ್ದಳು, ಮಾರೆಕ್‌ನ ದನಿ ಏರಿದಾಗ ಎರಡು ಸಲ ತಡೆದಳು.

ಸೋಮವಾರ ಮಾರೆಕ್ ತಂತಿ ಕಿತ್ತ. ಲಿನ್ ಮೂರು ಎಚ್ಚರಿಕೆ ಕಳಿಸಿದಳು. ತಂತಿಯನ್ನು ಮತ್ತೆ ಸಿಕ್ಕಿಸಿದ ಮೇಲೆ ಉಟೆಯ ಮೊಬೈಲು ಒಮ್ಮೆ ಸದ್ದು ಮಾಡಿತು. ಸ್ವಲ್ಪ ತಡೆದು ಇನ್ನೊಮ್ಮೆ. ಮೂರನೆಯದು ಬರಲಿಲ್ಲ. ಲಿನ್ ಕಣ್ಣು ಮುಚ್ಚಿಕೊಂಡಳು. ನಲವತ್ತು ಸೆಕೆಂಡಿನ ಮೇಲೆ ಅದೂ ಬಂತು.

“ಬುಧವಾರ ಶುರುಮಾಡಿ” ಎಂದಳು ಉಟೆ. “ತಂಡ ಇರಲಿ. ಆದರೆ ಹೇಮಶ್ರೀ, ಮೂರು ತಿಂಗಳು ನಿಮ್ಮ ಸಭೆಯಲ್ಲಿ ನಮ್ಮವರೊಬ್ಬರು ಕೂರುತ್ತಾರೆ.”

“ಕೂರಲಿ” ಎಂದಳು ಹೇಮಶ್ರೀ.