ಸೀಮೆಎಣ್ಣೆ ಲೈನಿನ ಲೋಪಸಂಧಿ

ನಮ್ಮ ಮನೆಯಲ್ಲಿ ಇತ್ತೀಚೆಗೆ ಯಾರನ್ನು ಕರೆದರೂ ಒಂದೇ ಕೂಗಿಗೆ ಓಗೊಡುವ ಪದ್ಧತಿ ನಿಂತುಹೋಗಿದೆ. ಮೊಮ್ಮಗಳು ಅನಘಾಳನ್ನು ತಿಂಡಿಗೆ ಕರೆದರೆ, ಕೈಯಲ್ಲಿರುವ ಫೋನಿನಿಂದ ತಲೆಯೆತ್ತದೆಯೇ "ಅಜ್ಜಿ, ಆನ್‌ಲೈನ್‌ನಲ್ಲಿದೀನಿ" ಎನ್ನುತ್ತಾಳೆ. ನಮ್ಮ ಮಾವನವರು ಪೂಜೆಗೆ ಕುಳಿತಾಗ ಯಾರಾದರೂ ಮಾತಾಡಿಸಿದರೆ ಕೈಸನ್ನೆಯಲ್ಲೇ ಸುಮ್ಮನಾಗಿಸುತ್ತಿದ್ದರಲ್ಲ, ಸರಿಸುಮಾರು ಅದೇ ಗಾಂಭೀರ್ಯ. ಅವಳ ಉಪಾಸನೆಯೇನೆಂದು ಒಮ್ಮೆ ಇಣುಕಿ ನೋಡಿದೆ. ಜನಪದ ಗೀತೆಗಳಿಗೆ ಗಿಟಾರು ಸೇರಿಸಿ ಊರೂರು ತಿರುಗಿ ಹಾಡುವ ಒಂದು ತಂಡ, ಆ ತಂಡದ ಅಭಿಮಾನಿಗಳದೊಂದು ಗುಂಪು, ಆ ಗುಂಪಿನಲ್ಲಿ ಹಗಲಿರುಳು ಹರಟೆ. ಗಾಯಕ ಗಡ್ಡ ತೆಗೆಸಿದ್ದು ಯಾಕೆ, ಮುಂದಿನ ಕಾರ್ಯಕ್ರಮ ಯಾವ ಊರಲ್ಲಿ, ಇಂಥ ಹಾಡಿನ ಇಂಥ ಸಾಲಿನಲ್ಲಿರುವುದು ಇಂಥ ಪದವೋ ಅಲ್ಲವೋ ಎಂಬಿತ್ಯಾದಿ ಗಹನ ವಿಚಾರಗಳು.

ಹೋದ ಭಾನುವಾರ ಅವಳು ಮುಖ ಊದಿಸಿಕೊಂಡು ಕೂತಿದ್ದಳು. ಹಾಡಿನ ಒಂದು ಪದವನ್ನು ತಪ್ಪಾಗಿ ಬರೆದಳೆಂದು ಯಾರೋ ಗುಂಪಿನ ಎದುರಿಗೇ ತಿದ್ದಿದರಂತೆ, ಮಿಕ್ಕವರು ನಕ್ಕರಂತೆ, ಇವಳು ಗುಂಪನ್ನೇ ಬಿಟ್ಟುಬಂದಳಂತೆ. ಅವಳಮ್ಮ "ಇದೂ ಒಂದು ದುಃಖವೇನೇ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆಂದರೆ ಎಂಬತ್ತರ ದಶಕದ ವಿಜಯನಗರ ಬಡಾವಣೆಯಲ್ಲಿ ನಾನೂ ಆನ್ ಲೈನ್ ಇದ್ದವಳೇ. ವ್ಯತ್ಯಾಸವಿಷ್ಟೇ: ನನ್ನ ಕೈಯಲ್ಲಿ ಆಗ ಸೀಮೆಎಣ್ಣೆ ಡಬ್ಬವಿರುತ್ತಿತ್ತು.

ಕನ್ನಡ ಎಂ.ಎ. ಮುಗಿಸಿ, ಮದುವೆಯಾಗಿ, ನಮ್ಮ ಯಜಮಾನರ ಬಾಡಿಗೆ ಮನೆಗೆ ಬಂದ ಹೊಸತು. ಗ್ಯಾಸಿಗೆ ಹೆಸರು ಬರೆಸಿ, ಅದರ ಬರವನ್ನು ಚಾತಕಪಕ್ಷಿಯಂತೆ ಕಾಯುತ್ತಿದ್ದ ಕಾಲ. ಅಲ್ಲಿಯವರೆಗೆ ಪಂಪ್ ಸ್ಟವ್ವೇ ಗತಿ, ಸ್ಟವ್ವಿಗೆ ಸೀಮೆಎಣ್ಣೆಯೇ ಗತಿ, ಸೀಮೆಎಣ್ಣೆಗೆ ಡಿಪೋ ಮುಂದಿನ ಲೈನೇ ಗತಿ. ಆ ವಯಸ್ಸಿನ ಹುಡುಗರು ಲೈನು ಹೊಡೆಯುತ್ತಿದ್ದರು, ನಾವು ಲೈನಿನಲ್ಲಿ ನಿಲ್ಲುತ್ತಿದ್ದೆವು. ಫಲಪ್ರಾಪ್ತಿ ಎರಡರಲ್ಲೂ ಅನಿಶ್ಚಿತವೇ. ನಿಲ್ಲುತ್ತಿದ್ದೆವು ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಲೈನಿನಲ್ಲಿ ನಿಲ್ಲುತ್ತಿದ್ದದ್ದು ನಮ್ಮ ಡಬ್ಬಗಳು. ಡಬ್ಬ ತರದವರು ಇಟ್ಟಿಗೆ ಚೂರನ್ನೋ ಒಂಟಿ ಚಪ್ಪಲಿಯನ್ನೋ ಇಟ್ಟರೂ ಅವರ ಸ್ಥಾನಕ್ಕೆ ಚ್ಯುತಿಯಿಲ್ಲ. ಮೂಲವಿಗ್ರಹಗಳಾದ ನಾವು ಹೊಂಗೆಮರದ ನೆರಳಿನಲ್ಲಿ ಹರಟುತ್ತಿದ್ದರೆ, ನಮ್ಮ ಉತ್ಸವಮೂರ್ತಿಗಳು ಬಿಸಿಲಿನಲ್ಲಿ ಸಾಲಾಗಿ ಕೂತಿರುತ್ತಿದ್ದವು. ಲೈನು ಮುಂದೆ ಸರಿದಾಗ ಪಕ್ಕದಲ್ಲಿಲ್ಲದವರ ಡಬ್ಬವನ್ನೂ ಕಾಲಿನಿಂದ ಒಂದಿಷ್ಟು ಮುಂದೆ ತಳ್ಳುವುದು ಅಲ್ಲಿನ ಅಲಿಖಿತ ಧರ್ಮ. ಗುರುತು ಪರಿಚಯವಿಲ್ಲದ ಬಡಾವಣೆಯಲ್ಲಿ ನನ್ನ ಡಬ್ಬವನ್ನು ಮೊದಲು ತಳ್ಳಿದವಳು ಗೌರಮ್ಮ.

ಗೌರಮ್ಮ ಬ್ಯಾಡರಹಳ್ಳಿಯ ಬೇಸಾಯದ ಮನೆತನದ ಮಗಳು. ವಿಜಯನಗರ ಬಡಾವಣೆಯಾಗುವುದಕ್ಕೂ ಮುಂಚೆ ಇಲ್ಲಿ ಹೊಲ ಮಾಡುತ್ತಿದ್ದ ಮಾರೇನಹಳ್ಳಿಯವರ ಸೊಸೆ. ದೊಡ್ಡ ಕುಂಕುಮ, ದೊಡ್ಡ ನಗು, ಅದಕ್ಕಿಂತ ದೊಡ್ಡ ಕಂಠ. ಅವಳ ಬಾಯಲ್ಲಿ ಹಾಲು ಆಲಾಗುತ್ತಿತ್ತು, ಹಸು ಅಸುವಾಗುತ್ತಿತ್ತು, ಹೂವು ಊವಾಗಿಯೂ ಘಮಘಮಿಸುತ್ತಿತ್ತು. ನಾನು ಎಂ.ಎ. ಎಂದು ಹೇಗೋ ತಿಳಿದ ದಿನದಿಂದ ನನ್ನನ್ನು ಅತ್ಯಂತ ಗೌರವದಿಂದ "ಎಮ್ಮೆ ಓದಿರೋ ಅಮ್ಮ" ಎಂದು ಕರೆಯುತ್ತಿದ್ದಳು. ಕ್ರಮೇಣ ಅವಸರದಲ್ಲಿ ಮಧ್ಯದ ಪದ ಉದುರಿ ಬರೀ "ಎಮ್ಮೆ ಅಮ್ಮ" ಆಯಿತು. ನಾನು ಆಗ ಇದ್ದ ಗಾತ್ರಕ್ಕೆ ಅದು ಅನ್ಯಾಯವೇನೂ ಆಗಿರಲಿಲ್ಲ.

ಡಿಪೋ ಎದುರಿಗೆ ಒಂದು ಕ್ಯಾಸೆಟ್ ಅಂಗಡಿ. ಅಲ್ಲಿ ದಿನವಿಡೀ 'ಜೋಳಿಗೆ ಬಳಗ'ದ ಹಾಡುಗಳು. ಹೆಗಲ ಮೇಲೆ ಕಂಬಳಿ, ಕಾಲಿಗೆ ಬೆಲ್‌ಬಾಟಮ್, ಒಬ್ಬನ ಕೈಯಲ್ಲಿ ತಮಟೆ, ಇನ್ನೊಬ್ಬನ ಕೈಯಲ್ಲಿ ಗಿಟಾರು. ಒಂದು ಹಳೆಯ ವ್ಯಾನಿನಲ್ಲಿ ಊರೂರು ಸುತ್ತಿ ಹಾಡುತ್ತಿದ್ದ ಆ ತಂಡಕ್ಕೆ ನಮ್ಮ ಲೈನಿಗೆ ಲೈನೇ ಮರುಳಾಗಿತ್ತು. ಸಮಾಚಾರ ತರುತ್ತಿದ್ದವನು ಕಾರ್ಖಾನೆ ನೌಕರ ಕೃಷ್ಣಪ್ಪ. ಅವನ ಷಡ್ಡಕನೇ ಆ ವ್ಯಾನಿನ ಡ್ರೈವರ್! ವ್ಯಾನು ಅರಸೀಕೆರೆ ಹತ್ತಿರ ಕೆಟ್ಟಿದ್ದು, ಗಿಟಾರಿನವನಿಗೂ ತಮಟೆಯವನಿಗೂ ಮಾತು ಬಿಟ್ಟಿದ್ದು, ಗಾಯಕ ಗೋವಿಂದು ತಣ್ಣೀರು ಮುಟ್ಟುವುದಿಲ್ಲವೆಂಬುದು, ಎಲ್ಲವೂ "ನಮ್ ಷಡ್ಡಕ ಹೇಳ್ದ" ಎಂಬ ಮುದ್ರೆಯೊತ್ತಿಕೊಂಡು ಬರುತ್ತಿದ್ದವು. ಷಡ್ಡಕ ಹೇಳಿದ ಮೇಲೆ ಅಪೀಲೇ ಇಲ್ಲ. ನಮ್ಮ ಬಡಾವಣೆಯ ಅನೇಕ ಮನೆಗಳಲ್ಲಿ ಸ್ವಂತ ಮೈದುನನ ಕ್ಷೇಮಸಮಾಚಾರಕ್ಕಿಂತ ಗೋವಿಂದುವಿನ ಗಂಟಲಿನ ಕ್ಷೇಮ ಹೆಚ್ಚು ವಿಚಾರಣೆಗೊಳಗಾಗುತ್ತಿತ್ತು.

ಬಳಗದ ಅತಿ ಜನಪ್ರಿಯ ಹಾಡಿನ ಪಲ್ಲವಿ ಹೀಗೆ ಕೇಳುತ್ತಿತ್ತು: "ಬಾರೇ ಬಾರೇ ಸೀಮೆ ಎಣ್ಣೆ, ದೀಪ ಹಚ್ಚೋಕೆ." ಕೇಳುತ್ತಿತ್ತು ಎಂದದ್ದನ್ನು ಗಮನಿಸಿ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಇಳಿಸಿಕೊಂಡ ಹಾಡಿನಲ್ಲಿ ಮಾತಿಗಿಂತ ಗಾಳಿಯ ಸದ್ದೇ ಹೆಚ್ಚು. ಅಂಥ ಗಾಳಿಯಲ್ಲಿ ಹಕಾರವೆಂಬ ಇನ್ನೊಂದು ಗಾಳಿ ಇದ್ದೀತೋ ಇಲ್ಲವೋ ಹೇಳುವವರು ಯಾರು? ಸೀಮೆ ಎಣ್ಣೆಯನ್ನು ಕರೆಯುತ್ತಿದ್ದಾನೋ, ದೂರದ ಸೀಮೆಯ ಹೆಣ್ಣನ್ನು ಕರೆಯುತ್ತಿದ್ದಾನೋ? ಡಿಪೋದವನು ಡ್ರಮ್ಮಿನ ಮುಚ್ಚಳ ತೆಗೆದ ಕೂಡಲೇ ಗೌರಮ್ಮ ದನಿಯೆತ್ತಿ ಆ ಪಲ್ಲವಿ ಹಾಡುತ್ತಿದ್ದಳು. ಲೈನೆಲ್ಲ ಚಪ್ಪಾಳೆ ಹಾಕುತ್ತಿತ್ತು. ಅವಳ ಮಟ್ಟಿಗೆ ಸಂಶಯವೇ ಇರಲಿಲ್ಲ. "ಕರೆಂಟ್ ಓದಾಗ ದೀಪ ಅಚ್ಚೋಕೆ ಎಣ್ಣೆ ಬೇಕು ಕಣಣ್ಣ, ಎಣ್ ತಗೊಂಡ್ ಏನ್ ಮಾಡ್ತೀಯ?" ಎಂದು ಕೃಷ್ಣಪ್ಪನನ್ನು ಕೇಳಿ ನಗಿಸುತ್ತಿದ್ದಳು.

ನಿವೃತ್ತ ಶಾಲಾ ಉಪಾಧ್ಯಾಯರಾದ ಅನಂತರಾಮಯ್ಯನವರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಬಸವೇಶ್ವರನಗರದಲ್ಲಿ ಮಗನ ಮನೆಯಿದ್ದರೂ ಇಲ್ಲಿಯೇ ಒಂಟಿಯಾಗಿ ಅಡುಗೆ ಮಾಡಿಕೊಂಡಿದ್ದ ಮೇಷ್ಟ್ರು, ಅವರೂ ಬಳಗದ ಪರಮಭಕ್ತರೇ. ಆದರೆ ವ್ಯಾಕರಣದ ಮುಂದೆ ಭಕ್ತಿ ಗೌಣ. ಅದು ನಿಸ್ಸಂದೇಹವಾಗಿ 'ಹೆಣ್ಣೇ', ಸೀಮಾಂತರದ ಕನ್ಯೆಯ ಸಂಬೋಧನೆ ಎಂದು ಅವರ ತೀರ್ಮಾನ. ಎರಡೂ ಕಡೆಯವರು ಎಮ್ಮೆ ಅಮ್ಮನ ತೀರ್ಪು ಕೇಳಿದಾಗ ನಾನು ಗಂಟಲು ಸರಿಮಾಡಿಕೊಂಡು, ಇದು ಶ್ಲೇಷಾಲಂಕಾರವಿದ್ದರೂ ಇರಬಹುದು, ಉಭಯಾರ್ಥವೂ ಗ್ರಾಹ್ಯ ಎಂದೆ. "ಏನಂದ್ರು?" ಎಂದು ಹಿಂದಿನವರು ಕೇಳಿದರೆ ಕೃಷ್ಣಪ್ಪ "ಏನೋ ಕ್ಲೇಶ ಅಂದ್ರು" ಎಂದ. ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದ್ದಕ್ಕೆ ನನಗೆ ಸಿಕ್ಕಿದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು.

ಇಷ್ಟಕ್ಕೇ ಮುಗಿದಿದ್ದರೆ ಅದು ವಿನೋದ. ಆದರೆ ರಾಜ್ಯೋತ್ಸವಕ್ಕೆ ಬಳಗ ನಮ್ಮ ಬಡಾವಣೆಯ ಮೈದಾನಕ್ಕೇ ಬರುವುದೆಂದು ಷಡ್ಡಕನ ಮೂಲಕ ಖಚಿತವಾಯಿತು. ಹೋದ ಊರಿನಲ್ಲೆಲ್ಲ ಒಬ್ಬರನ್ನು ವೇದಿಕೆಗೆ ಕರೆದು, 'ಊರ ದನಿ' ಎಂದು ಹೆಸರಿಟ್ಟು, ಪಲ್ಲವಿಯನ್ನು ಅವರಿಂದ ಹಾಡಿಸುವುದು ಆ ಬಳಗದ ಪದ್ಧತಿ. ಕೃಷ್ಣಪ್ಪ ಗೌರಮ್ಮನ ಹೆಸರು ಕೊಟ್ಟೇಬಿಟ್ಟ. ಗೌರಮ್ಮ ಮೊದಲು ನಾಚಿದಳು, ಆಮೇಲೆ ಯಾವ ಸೀರೆ ಉಡಲಿ ಎಂದು ನನ್ನನ್ನು ಕೇಳಿದಳು. ಮದುವೆಯಾದ ಮೇಲೆ ತನ್ನನ್ನು ಯಾರೂ ಹಾಡು ಎಂದು ಕೇಳಿರಲಿಲ್ಲವೆಂದೂ, ಮನೆಯಲ್ಲಿ ಹಾಡಿದರೆ ಅತ್ತೆ ಗದರುವರೆಂದೂ, ಅದಕ್ಕೇ ಲೈನಿಗೆ ಬಂದು ಹಾಡುವುದೆಂದೂ ಆ ದಿನ ಹೇಳಿದಳು. ಅಲ್ಲಿಗೆ ಅವಳಿಗೆ ಬೇಕಾಗಿದ್ದದ್ದು ಸೀಮೆಎಣ್ಣೆ ಮಾತ್ರವಲ್ಲವೆಂದು ನನಗೆ ತಿಳಿಯಿತು.

ಮುಂದಿನ ಸಲ ಅವಳು ಹಾಡಲಾರಂಭಿಸಿದಾಗ ಮೇಷ್ಟ್ರು ಕೈಯೆತ್ತಿ ತಡೆದರು. ಸಾವಿರ ಜನದ ಮುಂದೆ ಊರಿನ ಮಾನ ಹೋಗಬಾರದೆಂಬ ಸದುದ್ದೇಶ ಅವರದು. "ಹೆಣ್ಣೇ ಅನ್ನಮ್ಮ. ಹ! ಹೊಟ್ಟೆಯಿಂದ ಬರಬೇಕು. ಎಲ್ಲಿ, ಹ ಅನ್ನು?" ಗೌರಮ್ಮ "ಅ" ಎಂದಳು. "ಹ!" "ಅ." ಯಾರೋ ಕಿಸಕ್ಕೆಂದರು, ಅದು ಹಬ್ಬಿತು, ಲೈನಿಗೆ ಲೈನೇ ನಕ್ಕಿತು. ಗೌರಮ್ಮನೂ ಒಂದು ಕ್ಷಣ ನಕ್ಕಳು. ಆಮೇಲೆ ತನ್ನ ಡಬ್ಬವನ್ನು ಎತ್ತಿಕೊಂಡು, ಎಣ್ಣೆ ಹಾಕಿಸಿಕೊಳ್ಳದೆಯೇ ಮನೆಗೆ ಹೋದಳು. ನಾನು ಹಿಂದೆಯೇ ಓಡಿದರೆ, "ನಂಗೆ ಅಕಾರ ಬರಾಕಿಲ್ಲ ಬುಡಿ, ಎಮ್ಮೆ ಅಮ್ಮ. ಬರೋರು ಆಡ್ಲಿ" ಎಂದು ಬಾಗಿಲು ಮುಂದಕ್ಕೆಳೆದುಕೊಂಡಳು.

ಮರುಸಲ ಅವಳು ಬರಲಿಲ್ಲ, ಗಂಡನನ್ನು ಕಳಿಸಿದಳು. ಅದರ ಮುಂದಿನ ಸಲ ಅವನೂ ಬರಲಿಲ್ಲ. ಲೈನು ಹೆಣ್ಣಿನ ಕಡೆಯವರು, ಎಣ್ಣೆಯ ಕಡೆಯವರು ಎಂದು ಇಬ್ಭಾಗವಾಯಿತು, ಒಬ್ಬರ ಡಬ್ಬವನ್ನು ಒಬ್ಬರು ತಳ್ಳುವುದನ್ನು ಬಿಟ್ಟರು. ನಾನು ಗೌರಮ್ಮನ ಹೆಸರಿನಲ್ಲಿ ನನ್ನ ಡಬ್ಬದ ಪಕ್ಕ ಒಂದು ಇಟ್ಟಿಗೆ ಇಟ್ಟು ತಳ್ಳತೊಡಗಿದೆ. ಯಾರೂ ಅದನ್ನು ಆಕ್ಷೇಪಿಸಲಿಲ್ಲ. ಮೇಷ್ಟ್ರು ಆ ಇಟ್ಟಿಗೆಯನ್ನು ನೋಡುತ್ತಿದ್ದರು.

ಕಾರ್ಯಕ್ರಮದ ಮಧ್ಯಾಹ್ನ ಪೆಂಡಾಲು ಕಟ್ಟುತ್ತಿದ್ದಾಗ ವ್ಯಾನು ಬಂತು. ವ್ಯಾಜ್ಯವನ್ನು ಮೂಲದಲ್ಲೇ ಬಗೆಹರಿಸಿಬಿಡೋಣವೆಂದು ಕೃಷ್ಣಪ್ಪ ನಮ್ಮನ್ನು ಗೋವಿಂದುವಿನ ಮುಂದೆ ನಿಲ್ಲಿಸಿದ. ಸಿರಾ ಕಡೆಯ ಗೋವಿಂದು ಬಿಸಿನೀರು ಕುಡಿಯುತ್ತ ಕೂತಿದ್ದ. ಷಡ್ಡಕ ಸುಳ್ಳು ಹೇಳಿರಲಿಲ್ಲ. ಮೇಷ್ಟ್ರು ಕೇಳಿದರು, "ಆ ಪಲ್ಲವಿಯಲ್ಲಿ ಬರೋದು ಹೆಣ್ಣೇ ಅಂತಲೋ ಎಣ್ಣೆ ಅಂತಲೋ?"

"ಎಣ್ಣೇ ಸಾರ್."

"ಅದೇ, ಯಾವ ಎಣ್ಣೆ?"

"ಸೀಮೆ ಎಣ್ಣೇ ಸಾರ್."

"ಅಲ್ಲಪ್ಪ, ಅರ್ಥ ಏನು ಅದಕ್ಕೆ?"

"ಅರ್ಥ ಏನ್ ಸಾರ್, ಕರದ್ರೆ ಮನೆಗ್ ಬರ್ಬೇಕು, ದೀಪ ಅಚ್ಬೇಕು, ಅಷ್ಟೇಯ."

ಇದು ಎರಡಕ್ಕೂ ಒಪ್ಪುವ ಮಾತು. ಮೇಷ್ಟ್ರು ಯಾರನ್ನು ಕೇಳಿ ಹಕಾರವನ್ನು ಸ್ಥಾಪಿಸಬೇಕೆಂದು ಬಂದಿದ್ದರೋ ಆ ಪುಣ್ಯಾತ್ಮನಲ್ಲೇ ಅದರ ದಾಸ್ತಾನಿರಲಿಲ್ಲ! ಗೋವಿಂದು ಮಾತ್ರ, "ಊರ ದನಿ ಗೌರಮ್ಮ ಅಂತೆ, ಎಲ್ಲವ್ರೆ ಆವಮ್ಮ?" ಎಂದು ಸುತ್ತ ನೋಡಿದ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಮಾರೇನಹಳ್ಳಿಯ ಕಡೆಗೆ ಹೊರಟರು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಕೊನೆಯವರೆಗೆ ಹೇಳಲಿಲ್ಲ. ಸಂಜೆ ಗೌರಮ್ಮ ನಾನೇ ಆರಿಸಿದ್ದ ಹಸಿರು ಸೀರೆ ಉಟ್ಟು, ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಬಂದು, ನನ್ನ ಪಕ್ಕದಲ್ಲಿ ಕೂತಳು.

ಹೆಸರು ಕೂಗಿದಾಗ ಹೋದಳು. ಮೈಕು ಹಿಡಿದಳು. ತಮಟೆ ಶುರುವಾಯಿತು. "ಬಾರೇ ಬಾರೇ ಸೀಮೆ" ಎಂದು ಆ ದೊಡ್ಡ ಕಂಠ ಮೈದಾನವನ್ನೆಲ್ಲ ತುಂಬಿ, ಮುಂದಿನ ಪದದ ಹೊಸಿಲಲ್ಲಿ ನಿಂತುಬಿಟ್ಟಿತು. ಅವಳ ಕಣ್ಣು ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಮೇಲೆ. ತಮಟೆಯವನು ಇನ್ನೊಂದು ಸುತ್ತು ಬಾರಿಸಿದ. ಮತ್ತೆ "ಸೀಮೆ" ಎಂದಳು, ಮತ್ತೆ ನಿಂತಳು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಮೂರನೆಯ ಸಲ "ಸೀಮೆ" ಬಂದಾಗ ಮೇಷ್ಟ್ರು ಕುರ್ಚಿಯಿಂದ ಎದ್ದು, ಜೀವಮಾನವೆಲ್ಲ ಮಕ್ಕಳ ನಾಲಗೆ ತಿದ್ದಿದ ಬಾಯನ್ನು ಅಗಲವಾಗಿ ತೆರೆದು, ಮೈಕಿನ ಹಂಗಿಲ್ಲದೆ, ಶ್ರುತಿಯ ಹಂಗೂ ಇಲ್ಲದೆ, "ಎಣ್ಣೇ!" ಎಂದು ಕೂಗಿದರು.

ಆಮೇಲೆ ಹೆಣ್ಣಿನ ಕಡೆಯವರೂ ಎಣ್ಣೆಯ ಕಡೆಯವರೂ, ಸೀಮೆಎಣ್ಣೆ ಲೈನು ಮತ್ತೆ ಒಂದೇ ಲೈನಾಗಿ ಎದ್ದು ನಿಂತು "ಎಣ್ಣೇ!" ಎಂದಿತು. ಗೌರಮ್ಮ ನಕ್ಕಳು, ಮೈಕಿನಲ್ಲಿ ಆ ನಗುವೂ ಕೇಳಿಸಿತು, ನಗುತ್ತಲೇ ಹಾಡಿದಳು. ನನಗೆ ಅಳು ಬಂತು. ಪಕ್ಕದಲ್ಲಿದ್ದ ಅವಳ ಅತ್ತೆ "ಇಷ್ಟ್ ಸಂದಾಗ್ ಆಡ್ತಾಳಾ ನಮ್ಮುಡುಗಿ?" ಎಂದು ನನ್ನನ್ನೇ ಕೇಳಿದರು.

ಎರಡು ಪದಗಳು ಕೂಡುವಾಗ ನಡುವಿನ ಒಂದು ಅಕ್ಷರ ಜಾಗ ಬಿಟ್ಟುಕೊಟ್ಟರೆ ಅದನ್ನು ಲೋಪಸಂಧಿ ಎನ್ನುತ್ತಾರೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಸೀಮೆಗೆ ಎಣ್ಣೆ ಸೇರಿ ಸೀಮೆಣ್ಣೆಯಾಗುವುದೂ ಹಾಗೆಯೇ. ಸಂಧಿ ಎಂದರೆ ಜಗಳವಾಡಿದವರ ನಡುವಿನ ಒಪ್ಪಂದವೂ ಹೌದು, ಯಾರಾದರೊಬ್ಬರು ಏನನ್ನಾದರೂ ಬಿಟ್ಟುಕೊಡದೆ ಅದೂ ಆಗುವುದಿಲ್ಲ ಎಂಬುದನ್ನು ಮಾತ್ರ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ಅಂದು ಒಬ್ಬರು ತೋರಿಸಿಕೊಟ್ಟರು. ಮುಂದಿನ ಲೈನಿನಲ್ಲಿ ಗೌರಮ್ಮನ ಡಬ್ಬ ಬಂದು ನನ್ನ ಇಟ್ಟಿಗೆಯ ಜಾಗದಲ್ಲಿ ಕೂತಿತು, ಅದನ್ನು ಮುಂದೆ ತಳ್ಳಿದ್ದು ಮೇಷ್ಟ್ರ ಕಾಲು. ಕೊನೆಗೊಂದು ದಿನ ನಮಗೆ ಗ್ಯಾಸು ಬಂತು. ಯಜಮಾನರು ಸಿಹಿ ಹಂಚಿದರು, ನಾನು ಸಪ್ಪೆ ಮುಖ ಮಾಡಿಕೊಂಡು ಡಬ್ಬ ತೊಳೆದಿಟ್ಟೆ.

ಈ ಪುರಾಣವನ್ನೆಲ್ಲ ಅನಘಾ ಮೊಣಕಾಲ ಮೇಲೆ ಗಲ್ಲವಿಟ್ಟುಕೊಂಡು ಕೇಳಿದಳು. "ಕೊನೆಗೂ ಅದು ಹೆಣ್ಣೋ ಎಣ್ಣೆನೋ ಅಜ್ಜಿ?" ಎಂದಳು. ಗೋವಿಂದು ಹೇಳಿದ್ದನ್ನೇ ಹೇಳಿದೆ. ಅವಳು ನಕ್ಕು, ಬಿಟ್ಟುಬಂದಿದ್ದ ಗುಂಪಿಗೆ ಮರಳಲು ಫೋನು ಕೈಗೆತ್ತಿಕೊಂಡಳು. ಇಂದು ಬೆಳಿಗ್ಗೆ ತಿಂಡಿಗೆ ಕರೆದಾಗ ಮತ್ತೆ ಅದೇ ಉತ್ತರ ಬಂತು, "ಆನ್‌ಲೈನ್‌ನಲ್ಲಿದೀನಿ ಅಜ್ಜಿ." ನಾನು ಉಪ್ಪಿಟ್ಟಿನ ತಟ್ಟೆಯನ್ನು ಅವಳಿದ್ದಲ್ಲಿಗೇ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. "ಹಾಗಾದರೆ ಒಂದಿಷ್ಟು ಜಾಗ ಬಿಡು ಮಗಳೇ," ಎಂದೆ, "ನಂದೂ ಒಂದು ಡಬ್ಬ ಇಡು."