ಎಡಗಡೆಗೆ ಮಾತ್ರ ಲೇಪ

ಹಾಲಿನವನು ಅಳೆದು ಕೊಟ್ಟ ಹಾಲನ್ನು ಒಳಗೆ ತಂದು ಇನ್ನೊಮ್ಮೆ ಅಳೆಯುವವರ ಪೈಕಿ ಆ ದರ್ಜಿ. ಹೊಲಿಯಲು ಹೊಸ ಬಟ್ಟೆ ಬಂದರೆ ಮೂಲೆಯಿಂದ ಒಂದೇ ಅಳತೆಯ ಎರಡು ತುಂಡು ಕತ್ತರಿಸುತ್ತಾಳೆ. ಒಂದನ್ನು ನೀರಿನಲ್ಲಿ ಅದ್ದಿ ಒಣಗಿಸುತ್ತಾಳೆ, ಇನ್ನೊಂದನ್ನು ಮುಟ್ಟುವುದಿಲ್ಲ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾಳೆ. ಬಟ್ಟೆ ಕುಗ್ಗುವುದಿಲ್ಲ ಎಂದು ಅಂಗಡಿಯವನು ಆಣೆ ಇಟ್ಟರೂ ಇವಳು ಕೇಳುವ ಜಾತಿಯವಳಲ್ಲ.

ಮಗಳಿಗೆ ಗಂಟಲುನೋವು ಬಂದು ದವಡೆಯ ಕೆಳಗೆ ಎರಡೂ ಕಡೆ ಗಂಟು ಊದಿಕೊಂಡಿತು. ಗಂಟಲು ವಾಸಿಯಾದರೆ ಗಂಟೂ ಇಳಿಯುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸುದ್ದಿ ತಿಳಿದದ್ದೇ ನಾದಿನಿ ಬಟ್ಟಲು ಹಿಡಿದು ಬಂದಳು: ಅರಿಶಿನ, ಬೆಳ್ಳುಳ್ಳಿ, ಹರಳೆಣ್ಣೆ ಸೇರಿಸಿ ಅರೆದ ಲೇಪ.

"ಎಂಥ ಗಂಟಿದ್ರೂ ಕರಗತ್ತೆ ಅತ್ತಿಗೆ. ಪುಸ್ತಕದಲ್ಲೇ ಬರೆದಿದೆ."

"ಯಾರಿಗೆ ಕರಗ್ತು ಅಂತ ಬರೆದಿದ್ಯಾ?"

"ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾರಾ! ನಿಮಗೆ ಎಲ್ಲದಕ್ಕೂ ಅನುಮಾನ."

ದರ್ಜಿ ವಾದ ಮಾಡಲಿಲ್ಲ. ದಿನವೂ ಎಡಗಡೆಗೆ ಮಾತ್ರ ಹಚ್ಚಿದಳು.

ಕರೆದರೂ ಬಾರದಿದ್ದ ನಾದಿನಿ ಈಗ ದಿನಾ ಹಾಜರು. ಕಾಫಿ ಬೇಡ, ಮಾತು ಬೇಡ. ನೇರ ಹುಡುಗಿಯ ಹತ್ತಿರ ಹೋಗಿ ಕುತ್ತಿಗೆ ಮುಟ್ಟಿ ನೋಡುವುದು, ಹೋಗುವುದು. ಅಣ್ಣನ ಮಗಳ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಉಕ್ಕಲು ಕಾರಣವೇನು? ಈ ಲೇಪವನ್ನು ತನ್ನ ಹೊಲಿಗೆ ಗಿರಾಕಿಗಳಿಗೆ ಮಾರುವ ಹುನ್ನಾರವೇ ಸರಿ ಎಂದು ದರ್ಜಿ ತೀರ್ಮಾನಿಸಿದಳು.

ಒಂಬತ್ತನೇ ದಿನ ನಾದಿನಿ ಬಂದಾಗ, ದರ್ಜಿ ಅವಳ ಬೆರಳು ಹಿಡಿದು ಮಗಳ ದವಡೆಯ ಎರಡೂ ಕಡೆ ಮುಟ್ಟಿಸಿದಳು.

"ಬಲಕ್ಕೆ ಏನೂ ಹಚ್ಚೇ ಇಲ್ಲ. ಎರಡೂ ಒಂದೇ ಸಮ ಇಳಿದಿದೆ, ನೋಡು. ನಿನ್ನ ಮದ್ದು ಮಾಡಿದ್ದು ಎಡಗಡೆ ಚರ್ಮ ಕೆಂಪಗೆ ಮಾಡಿದ್ದಷ್ಟೇ."

ಜಗಳಕ್ಕೆ ದರ್ಜಿ ಟೊಂಕ ಕಟ್ಟಿಯೇ ನಿಂತಿದ್ದಳು. ನಾದಿನಿಯ ದನಿ ಮಾತ್ರ ಏಳಲೇ ಇಲ್ಲ.

"ರಕ್ತದಲ್ಲಿ ಸೇರಿ ಬಲಕ್ಕೂ ಹೋಗಿರತ್ತೆ. ಹೋಗಿರತ್ತೆ ಅಲ್ವಾ ಅತ್ತಿಗೆ?"

ಹೀಗೆಂದವಳೇ ಸ್ಟೂಲಿನ ಮೇಲೆ ಕೂತಳು. ಸೆರಗು ಸರಿಸಿ, ದರ್ಜಿಯ ಕೈ ಎಳೆದು ತನ್ನ ಕೊರಳಿನ ಬುಡಕ್ಕೆ, ಎಲುಬಿನ ಮೇಲ್ಗಡೆಗೆ ಇಟ್ಟುಕೊಂಡಳು. ಅಲ್ಲಿ ಒಂದು ಗಂಟು, ಕಲ್ಲಿನಷ್ಟು ಗಟ್ಟಿ. ಒತ್ತಿದರೂ ಜರುಗಲಿಲ್ಲ.

"ನೋವಿಲ್ಲ. ನಾಲ್ಕು ತಿಂಗಳಿಂದ ಹಚ್ತಾ ಇದೀನಿ. ಮಗೂಗೆ ಕರಗಿದ್ರೆ ನಂಗೂ ಕರಗತ್ತೆ ಅಂತ ದಿನಾ ಬಂದು ನೋಡ್ತಿದ್ದೆ."

ದರ್ಜಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅರ್ಧ ಹೊಲಿದದ್ದನ್ನು ಮಿಷಿನಿನಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು.

"ಏಳು, ಆಸ್ಪತ್ರೆಗೆ ಹೋಗೋಣ."

ಬಾಗಿಲ ಬಳಿ ನಾದಿನಿ ನಿಂತಳು. "ಡಾಕ್ಟರು ಏನೂ ಇಲ್ಲ ಅಂದ್ರೆ ನೀವು ನಂಬ್ತೀರಾ?"

"ಅಷ್ಟು ಅನ್ನಲಿ ಸಾಕು ಕಣೇ," ಎಂದಳು ದರ್ಜಿ, "ಕಣ್ಣು ಮುಚ್ಚಿ ನಂಬ್ತೀನಿ."